ಕೊನೆಗೌಡನ ಕೆಲಸ ಕಲೀತೇನೆ ಅನ್ನೋ ಹುಡುಗನಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಕೈಕೆಲಸ ಮಾಡ್ತಾ ಕೇಳಿ. ಕುಮಟೆ ಅಕ್ಕ ನಿನ್ನೆ ಗ್ರೂಪಲ್ಲಿ ಕೇಳಿದ್ರಲ್ಲ, ಮಗ ಪಿಯುಸಿ ಮುಗಿಸಿದಾನೆ, ಬೆಂಗಳೂರು ಬೇಡ, ತೆಂಗು, ಅಡಿಕೆ ಮರ ಹತ್ತಿ ಕೊನೆ ಇಳಿಸೋ ಕೊನೆಗೌಡನ ಕೆಲಸ ಹಿಡೀತೇನೆ ಅಂತಾನೆ, ಬಿಡಬಹುದಾ ಅಂತ. ಧಾರಾಳವಾಗಿ ಬಿಡಿ. ಹತ್ತೋದು ಬೇಗ ಬರ್ತದೆ. ಆದ್ರೆ ವರ್ಷಪೂರ್ತಿ ಕರೆ ಬರೋದು ತುದಿಗೆ ಹೋಗಿ ಏನು ಮಾಡಬೇಕು ಅಂತ ಗೊತ್ತಿದ್ದವನಿಗೆ ಮಾತ್ರ.

ಮೊದಲು ತೆಂಗು, ಆಮೇಲೆ ಅಡಿಕೆ. ತೆಂಗಿನ ಮರ ದಪ್ಪ, ಯಂತ್ರ ಗಟ್ಟಿಯಾಗಿ ಕೂರ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ ‘ಫ್ರೆಂಡ್ಸ್ ಆಫ್ ಕೊಕೊನಟ್ ಟ್ರೀ’ ಅನ್ನೋ ಆರು ದಿನದ ತರಬೇತಿ ಇದೆ. ಮುಂದಿನ ತಂಡ ಎಲ್ಲಿ, ಯಾವಾಗ ಅಂತ ಶಿರಸಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಅಲ್ಲಿ ಹೆಚ್ಚಾಗಿ ಕಲಿಸೋದು ಚೆಂಬೇರಿ ಯಂತ್ರ. ಎಡಗಾಲಿಗೊಂದು, ಬಲಗಾಲಿಗೊಂದು ತುಂಡು, ಎರಡಕ್ಕೂ ಮರ ಬಳಸೋ ತಂತಿ ಹಗ್ಗ. ಕಾಲಿನ ಭಾರ ತೆಗೆದ್ರೆ ಬಳಸು, ಅಂದ್ರೆ ಆ ತಂತಿಯ ಸುತ್ತು, ಸಡಿಲ ಆಗ್ತದೆ, ಹಿಡಿ ಎತ್ತಿ ಮೇಲೆ ಸರಿಸೋದು, ಮೆಟ್ಟಿದ್ರೆ ಬಿಗೀತದೆ. ಹೊಸಬರು ತಪ್ಪೋದು ಎರಡು ಕಡೆ. ಪಾದ ಓರೆ ಮಾಡಿ ಮೆಟ್ಟಿದ್ರೆ ಹಿಡಿತ ಕೂರೂದಿಲ್ಲ. ಇನ್ನೊಂದು, ಬುಡದಲ್ಲಿ ಸರಿಯಿದ್ದ ಬಳಸು ಮರ ಸಣ್ಣ ಆಗ್ತಾ ಹೋದ ಹಾಗೆ ದೊಡ್ಡದಾಗಿ ಮೆಟ್ಟು ಕೆಳಗೆ ವಾಲ್ತದೆ. ಹಾಗೆ ವಾಲಿದ್ರೆ ಇಳಿದು ಬಂದು ಬಳಸು ಗಿಡ್ಡ ಮಾಡಿಕೊಳ್ಳಬೇಕು, ಇನ್ನು ನಾಲ್ಕೇ ಹೆಜ್ಜೆ ಅಂತ ಮುಂದೆ ಹೋಗಬಾರದು. ತಂತಿಯ ಎಳೆ ಮೊದಲು ಬಿಡೋದು ಕ್ಲಾಂಪಿನ ಹತ್ತಿರ, ದಿನಾ ಬೆಳಿಗ್ಗೆ ಅಲ್ಲೇ ನೋಡಿ. ಒಂದು ಎಳೆ ಎದ್ದಿದ್ರೂ ತಂತಿ ಬದಲಿಸಿ.

ಯಂತ್ರ ಇದೆ ಅಂತ ಬೆಲ್ಟ್ ಬಿಡೋ ಹಾಗಿಲ್ಲ. ಸೊಂಟಕ್ಕೆ ಮಾತ್ರ ಕಟ್ಟೋದು ಬೇಡ. ಐಎಸ್ 3521 ಗುರುತಿರೋ ಪೂರ್ತಿ ಮೈಯ ಹಾರ್ನೆಸ್ ತಗೊಳ್ಳಿ, ಮರ ಬಳಸಿದ ಹಗ್ಗ ಹತ್ತೋವಾಗಲೂ ಜೊತೆಗೇ ಮೇಲೆ ಬರಬೇಕು. ಬೆಲ್ಟಲ್ಲಿ ಎಚ್ಚರ ತಪ್ಪಿ ನೇತಾಡಿದವನನ್ನ ನಿಮಿಷಗಳಲ್ಲಿ ಇಳಿಸದೇ ಇದ್ರೆ ರಕ್ತ ಕಾಲಲ್ಲೇ ನಿಂತು ಜೀವಕ್ಕೆ ಕುತ್ತು. ಹಾಗಾಗಿ ಒಬ್ಬನೇ ಕೆಲಸಕ್ಕೆ ಹೋಗೋದು ಬೇಡವೇ ಬೇಡ.

ಈಗ ತುದಿ ಕೆಲಸ. ಒಣ ಹೆಡೆ (ತೆಂಗಿನ ಗರಿ) ಹಿಡಿದು ಮೈಭಾರ ಹಾಕಬಾರದು, ಕಿತ್ತು ಕೈಗೇ ಬರ್ತದೆ. ಕೊಯ್ಯೋದು ಎಳನೀರಾದ್ರೆ ಸುಮಾರು ಏಳು ತಿಂಗಳಿಗೆ, ಬಲಿತ ಕಾಯಾದ್ರೆ ಹನ್ನೊಂದು-ಹನ್ನೆರಡಕ್ಕೆ. ಹಾಗೇ ಸುಳಿ ಕೊರೆಯೋ ಕುರುವಾಯಿ ದುಂಬಿ ಇದೆಯಾ ನೋಡಬೇಕು. ಸುಳಿ ಎಲೆ ಕತ್ತರಿಯಿಂದ ತ್ರಿಕೋನ ಕತ್ತರಿಸಿದ ಹಾಗೆ ಕಂಡ್ರೆ ಅದೇ. ಕಬ್ಬಿಣದ ಕೊಕ್ಕೆಯಿಂದ ದುಂಬಿ ಎಳೆದು, ಸುಳಿಯ ಹತ್ತಿರದ ಎಲೆ ಕಂಕುಳಲ್ಲಿ ಮೂರು ನುಸಿಗುಳಿಗೆ ಇಟ್ಟು ಮರಳು ಮುಚ್ಚಬೇಕು. 45 ದಿನಕ್ಕೊಮ್ಮೆ ಮತ್ತೆ. ಅಂಕೋಲಾ, ಹೊನ್ನಾವರ ಕಡೆ ಕಾಯಿ ಕೀಳೋರು ಸಿಗ್ತಾರೆ, ಇದನ್ನ ಮಾಡಿಕೊಡೋರು ಕಡಿಮೆ. ಕಾಯಿ ಕೊಯ್ಲೂ ಒಂದೂವರೆ-ಎರಡು ತಿಂಗಳಿಗೊಮ್ಮೆ ಬರೋದ್ರಿಂದ ಎರಡನ್ನೂ ಒಟ್ಟಿಗೆ ಮಾತಾಡಿ, ಮರದ ಲೆಕ್ಕದಲ್ಲಿ ದರ ಹೇಳೋದು ಒಳ್ಳೇದು.

ಒಂದು ವರ್ಷ ತೆಂಗಲ್ಲಿ ಕೈ ಕುದುರಿದ ಮೇಲೆ ಶಿರಸಿ, ಸಿದ್ದಾಪುರ ಕಡೆ ಹಳೇ ಕೊನೆಗೌಡರ ಜೊತೆ ಹಗ್ಗ ಹಿಡಿಯೋಕೆ ಸೇರಿಸಿ. ಅಡಿಕೆಯಲ್ಲಿ ಹತ್ತೋದಕ್ಕಿಂತ ಮರ ಓದೋದು ದೊಡ್ಡದು. ನೈಋತ್ಯದ ಬಿಸಿಲು ಬಡಿದು ಸೀಳಿದ ಕಾಂಡ ಭಾರಕ್ಕೆ ಮುರೀತದೆ. ಬುಡದಲ್ಲಿ ಅಣಬೆ ಎದ್ದಿದ್ರೆ ಅಥವಾ ಕಂದು ರಸ ಸೋರಿದ್ರೆ ಯಜಮಾನರು ಎಷ್ಟು ಹೇಳಿದ್ರೂ ಹತ್ತಬಾರದು. ಮರದಿಂದ ಮರಕ್ಕೆ ದಾಟೋದನ್ನ ವೀಡಿಯೊದಲ್ಲಿ ನೋಡಿ ಕಲಿಯೋಕೆ ಹೋಗೋದಂತೂ ಬೇಡ.

ಮಳೆಗಾಲದಲ್ಲಿ ಕಾಯಿ ಕೊಳೆತು ಉದುರೋ ಕೊಳೆ ರೋಗಕ್ಕೆ ಔಷಧಿ ಹೊಡೆಯೋದೇ ಅಡಿಕೆಯಲ್ಲಿ ಹೆಸರು ತರೋ ಕೆಲಸ, ಕೆಡಿಸೋದೂ ಅದೇ. ಮಳೆ ಹಿಡಿಯೋ ಮೊದಲು ಒಂದು ಸಲ, 40-45 ದಿನ ಬಿಟ್ಟು ಹೊಳವು (ಮಳೆ ಬಿಟ್ಟ ಹೊತ್ತು) ನೋಡಿ ಇನ್ನೊಂದು ಸಲ. ಔಷಧಿ ಅಂದ್ರೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು 50 ಲೀಟರಲ್ಲಿ, ಒಂದು ಕಿಲೋ ಸುಣ್ಣ ಬೇರೆ 50 ಲೀಟರಲ್ಲಿ, ಪ್ಲಾಸ್ಟಿಕ್ ಡ್ರಮ್ಮಲ್ಲೇ. ತುತ್ತಿನ ನೀರನ್ನ ಸುಣ್ಣಕ್ಕೆ ಹೊಯ್ತಾ ಕಲಕಬೇಕು, ತಿರುಗಾಮುರುಗಾ ಅಲ್ಲ. ಉಜ್ಜಿದ ಕಬ್ಬಿಣದ ಚೂರಿ ಸ್ವಲ್ಪ ಹೊತ್ತು ಅದ್ದಿ ನೋಡಿ. ತಾಮ್ರದ ಕೆಂಪು ಕೂತ್ರೆ ಹುಳಿ ಹೆಚ್ಚು ಅಂತ, ಹಾಗೇ ಹೊಡೆದ್ರೆ ಹಿಂಗಾರ (ಅಡಿಕೆ ಹೂಗೊಂಚಲು), ಕಾಯಿ ಸುಡ್ತದೆ. ಕೆಂಪು ಬರದ ತನಕ ಸುಣ್ಣದ ನೀರು ಸೇರಿಸಿ. ಅವತ್ತು ಕಲಸಿದ್ದು ಅವತ್ತೇ ಖಾಲಿ ಆಗಬೇಕು.

ನೆಲದಲ್ಲೇ ನಿಂತು ಕೊನೆ ಕೊಯ್ಯೋ ಕಾರ್ಬನ್ ಫೈಬರಿನ ಉದ್ದ ಕೋಲು, ಅಂದ್ರೆ ದೋಟಿ, ಬಂದ ಮೇಲೆ ಹತ್ತೋರು ಯಾರಿಗೆ ಬೇಕು ಅಂತ ಗ್ರೂಪಲ್ಲಿ ಯಾರೋ ಹಾಕಿದ್ರು. ಅರ್ಧ ನಿಜ. ಅದನ್ನೂ ಕಲಿಯಲಿ, ಮಳೆಗಾಲದಲ್ಲಿ ಪಾಚಿ ಹಿಡಿದ ಮರಕ್ಕೆ ದೋಟಿಯೇ ವಾಸಿ. ಆದ್ರೆ ಕಾರ್ಬನ್ ಫೈಬರಲ್ಲಿ ಕರೆಂಟ್ ಹರೀತದೆ. ತೋಟದ ಮೇಲೆ ಲೈನ್ ಹೋಗಿದ್ರೆ ಹೆಸ್ಕಾಂನವರಿಗೆ ಹೇಳಿ ಬಂದ್ ಮಾಡಿಸದೇ ದೋಟಿ ಎತ್ತಬಾರದು.

ವಿಮೆ ಮರೀಬೇಡಿ ಅಕ್ಕ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದ್ರೆ ಎರಡು ಲಕ್ಷ. ಹದಿನೆಂಟು ತುಂಬಿರಬೇಕು. ಅದು ಜೂನ್ 1ರಿಂದ ಮೇ 31ರವರೆಗೆ, ಹಾಗಾಗಿ ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿರಲಿ. ತೆಂಗು ಮಂಡಳಿಯ ಕೇರ ಸುರಕ್ಷಾ ಬೇರೆ ಇದೆ, ತರಬೇತಿಗೆ ಹೋದಾಗ ಅದರ ಅರ್ಜಿಯನ್ನೂ ಅಲ್ಲೇ ಕೇಳಿ ತುಂಬಿಸಿಬಿಡಿ.