ಮನೆಯ ಕನ್ನಡ ನಿಲ್ಲಿಸಬೇಡಿ, ತಂಗಿ

ತಂಗಿ, ಮಗಳಿಗೆ ಹೇಳಿದ್ದು ಅರ್ಥವಾಗುವುದಿಲ್ಲ, ಶಾಲೆಯವರು ಮನೆಯಲ್ಲಿ ಕನ್ನಡ ಬಿಡಿ ಎನ್ನುತ್ತಿದ್ದಾರೆ ಎಂದು ನೀವು ಬರೆದದ್ದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನಾವೂ ಇದೇ ಮಾತು ನಂಬಿ ಎಂಟು ತಿಂಗಳು ಕನ್ನಡ ನಿಲ್ಲಿಸಿದ್ದೆವು. ಮಗನ ಇಂಗ್ಲಿಷ್ ಸುಧಾರಿಸಲಿಲ್ಲ. ಧಾರವಾಡದ ಅಜ್ಜನ ಜೊತೆ ಫೋನಿನಲ್ಲಿ ಆಡುತ್ತಿದ್ದ ನಾಲ್ಕು ಮಾತೂ ನಿಂತುಹೋದವು.

ಅವನಿಗೆ ಆಗ ಆರು ವರ್ಷ. ಹಟಮಾರಿ ಎಂದು ನಾವೇ ಗದರಿಸುತ್ತಿದ್ದೆವು. "ಊಟ ಯಾವಾಗ ಮಾಡಿದೆ?" ಎಂದರೆ "ಅನ್ನ" ಎನ್ನುತ್ತಿದ್ದ. ತರಗತಿಯಲ್ಲಿ ಪಕ್ಕದ ಹುಡುಗ ಪುಸ್ತಕ ತೆಗೆದ ಮೇಲೆಯೇ ಇವನು ತೆಗೆಯುತ್ತಿದ್ದ. ಮೊದಲು ಕಿವಿ ಪರೀಕ್ಷೆ ಮಾಡಿಸಿದೆವು, ಅದು ಸರಿಯಿತ್ತು. ಆಮೇಲೆ ವಾಕ್ ಚಿಕಿತ್ಸಕರು ದುಭಾಷಿಯನ್ನು ಕೂರಿಸಿಕೊಂಡು ಎರಡೂ ಭಾಷೆಯಲ್ಲಿ ನೋಡಿ, ಇದು ಭಾಷೆಯ ಬೆಳವಣಿಗೆಯಲ್ಲಿನ ತೊಂದರೆ ಎಂದರು. 30 ಮಕ್ಕಳ ತರಗತಿಯಲ್ಲಿ ಸುಮಾರು ಇಬ್ಬರಿಗೆ ಇದು ಇರುತ್ತದೆ. ಎರಡು ಭಾಷೆ ಕಲಿಯುವುದು ಇದಕ್ಕೆ ಕಾರಣವಲ್ಲ. ಹೊಸ ಭಾಷೆ ಮಾತ್ರ ಬಾರದ ಮಗುವಿಗೆ ಮನೆಯ ಭಾಷೆ ಸಲೀಸಾಗಿ ತಿಳಿಯುತ್ತದೆ, ಈ ತೊಂದರೆ ಇರುವ ಮಗು ಎರಡರಲ್ಲೂ ಎಡವುತ್ತದೆ. ಇಂಗ್ಲಿಷಿನ ಪರೀಕ್ಷೆಯೊಂದನ್ನೇ ನಂಬಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆ ಜುಲೈ ರಜೆಯಲ್ಲಿ ಧಾರವಾಡದ ಮಾಳಮಡ್ಡಿಯ ಮನೆಗೆ ಹೋದೆವು. ಹೊರಗೆ ಜಿಟಿಜಿಟಿ ಮಳೆ, ಹುಡುಗ ದಿನವಿಡೀ ಅಡುಗೆಮನೆಯಲ್ಲಿ. ನಮ್ಮ ಅತ್ತೆಯವರು ರೊಟ್ಟಿ ಬಡಿಯುವಾಗ ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಜೋಳದ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು "ಹಿಟ್ಟು" ಎನ್ನುವರು. ಪರಾತಕ್ಕೆ ಸುರಿಯುತ್ತ "ಮೊದಲು ಹಿಟ್ಟು", ಬಿಸಿನೀರು ಹಾಕುತ್ತ "ಆಮೇಲೆ ನೀರು". ಹೇಳಿ ಸುಮ್ಮನಾಗುವರು. ನಾನಾಗಿದ್ದರೆ ಅಷ್ಟರಲ್ಲಿ ಮೂರು ಸಲ ಬೇರೆ ಬೇರೆ ರೀತಿ ಹೇಳಿ ಅವನನ್ನು ಇನ್ನಷ್ಟು ಗೊಂದಲಕ್ಕೆ ನೂಕುತ್ತಿದ್ದೆ. ಅವರು ಕಾಯುತ್ತಿದ್ದರು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಬೇಕೆಂದೇ ನೀರಿನ ಪಾತ್ರೆಗೆ ಮೊದಲು ಕೈ ಹಾಕಿದಾಗ ಹುಡುಗ ಅವರ ಮಣಿಕಟ್ಟು ಹಿಡಿದು "ಮೊದಲು ಹಿಟ್ಟು!" ಎಂದ.

ವಾಪಸು ಬಂದ ಮೇಲೆ ಚಿಕಿತ್ಸಕರಿಗೆ ಇದನ್ನು ಹೇಳಿದರೆ, ನಾವು ಮಾಡಿ ಎನ್ನುವುದೂ ಇದನ್ನೇ ಎಂದರು: ಮುಖಕ್ಕೆ ಮುಖ ಕೊಟ್ಟು, ಸಣ್ಣ ವಾಕ್ಯದಲ್ಲಿ, ವಸ್ತು ತೋರಿಸಿ, ಉತ್ತರಕ್ಕೆ ಸಮಯ ಕೊಟ್ಟು. "ಚಪ್ಪಲಿ ಹಾಕಿಕೊಂಡು ಬಾಟಲಿ ತೆಗೆದುಕೊಂಡು ಬಾ" ಎಂದು ಒಟ್ಟಿಗೆ ಹೇಳುವುದನ್ನು ಬಿಟ್ಟೆವು. ಚಪ್ಪಲಿ ಆದ ಮೇಲೆ ಬಾಟಲಿ. ಟಿವಿ ಆರಿಸಿ ಮಾತನಾಡುತ್ತೇವೆ. ಪ್ರಶ್ನೆಗಳ ಸುರಿಮಳೆಯನ್ನೂ ಕಡಿಮೆ ಮಾಡಿದ್ದೇವೆ. ಮಗುವಿಗೆ ಅದು ದಿನವೂ ಪರೀಕ್ಷೆ ಬರೆದಂತೆ.

ಊರಿಗೆ ಹೋಗುವವರಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನೆನಪಿಡಿ. 1965ರಿಂದ ಇರುವ ಸಂಸ್ಥೆ, ಅಲ್ಲಿ ಕನ್ನಡದಲ್ಲೇ ಪರೀಕ್ಷಿಸುತ್ತಾರೆ. ಧಾರವಾಡದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮೈಸೂರು. ಇಲ್ಲಿನ ವರದಿಗಳನ್ನು ಜೊತೆಗೆ ಒಯ್ಯಿರಿ.

ನಮ್ಮವನಿಗೆ ಈಗ ಒಂಬತ್ತು. ನಿನ್ನೆ, ನಾಳೆ ಇವತ್ತಿಗೂ ಅದಲುಬದಲಾಗುತ್ತವೆ, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನವೂ ಹೇಳಿಕೊಡುತ್ತಿದ್ದೇನೆ. ನಿಮ್ಮ ಮಗಳ ಕಿವಿ ಪರೀಕ್ಷೆ ಆಗಿದೆಯೇ? ಆಗಿರದಿದ್ದರೆ ಈ ವಾರವೇ ಸಮಯ ಗೊತ್ತುಮಾಡಿಕೊಂಡು ನನಗೆ ತಿಳಿಸಿ.