ಕಾರ್ಡುರಾಯ್ ‘14 ವೇಲ್’ ಅಂದ್ರ ಏನ್ರಿ?

ಪ್ರಶ್ನೆ (ಕಲಬುರಗಿ): ಗೆರಿಗೆರಿ ಕಾರ್ಡುರಾಯ್ ಬಟ್ಟಿ ಮ್ಯಾಲ ‘14 ವೇಲ್’ ಅಂತ ಬರದಿರ್ತದ. ಹಂಗಂದ್ರೇನು? ಪ್ಯಾಂಟ್ ಹೊಲಿದ ಮ್ಯಾಲ ಒಂದು ಕಾಲು ಗಾಢ, ಇನ್ನೊಂದು ತಿಳಿ ಯಾಕ ಕಾಣ್ತದ?

ಉತ್ತರ (ಬೀದರ್): ಒಂದು ಇಂಚಿನಾಗ ಎಷ್ಟು ಉಬ್ಬುಗೆರಿ ಅವ ಅನ್ನೋದೇ ವೇಲ್. ನಂಬರ್ ಏರಿದಂಗ ಗೆರಿ ಸಣ್ಣಾಗ್ತಾವ. 8 ಜಾಕೆಟ್, ಪ್ಯಾಂಟಿಗೆ. 16ರಿಂದ 21 ಅಂಗಿ, ಮಕ್ಕಳ ಫ್ರಾಕಿಗೆ ಛಲೋ. ‘ಕಾರ್ಡುರಾಯ್’ ಅನ್ನೋ ಹೆಸರಿಗೆ ಫ್ರೆಂಚಿನಾಗ ‘ರಾಜನ ಹುರಿ’ ಅಂತ ಅರ್ಥ ಹೇಳ್ತಾರ, ಅದಕ್ಕ ಆಧಾರ ಇಲ್ರಿ. ‘ಡುರಾಯ್’ ಅಂದ್ರ ಇಂಗ್ಲೆಂಡಿನ ಹಳೇ ಒರಟು ಉಣ್ಣಿಬಟ್ಟಿ.

ಉತ್ತರ (ಯಾದಗಿರಿ): ಬಣ್ಣದ ದೋಷ ಕತ್ತರಿಸೋದ್ರಾಗ ಅದರಿ. ಗೆರಿ ಮ್ಯಾಲಿನ ನವಿರು ಒಂದೇ ದಿಕ್ಕಿಗೆ ಮಲಗಿರ್ತದ. ಬಟ್ಟಿ ಉಳಸಾಕ ಒಂದು ತುಂಡು ತಲೆಕೆಳಗ ಇಟ್ರ ಬೆಳಕು ಬ್ಯಾರೆ ಬೀಳ್ತದ. ಕೈ ಸವರಿ ನೋಡ್ರಿ, ನುಣುಪು ಹತ್ತೋ ಕಡೆ ಬಾಣ ಗುರ್ತು ಹಾಕ್ರಿ, ಎಲ್ಲಾ ತುಂಡೂ ಹಂಗೇ ಇಡ್ರಿ. ಅದಕ್ಕ ಬಟ್ಟಿ ಕಾಲು ಮೀಟರ್ ಹೆಚ್ಚೇ ತರ್ರಿ. ಕತ್ತರಿಸೋ ಮೊದಲು ಒಮ್ಮೆ ತೊಳೀರಿ, ಹತ್ತಿ ಕುಗ್ತದ.

ಉತ್ತರ (ಬೀದರ್): ಇಸ್ತ್ರಿ ಒಳಮೈಗೆ, ಕೆಳಗ ಟವೆಲ್ ಹಾಸೇ ಮಾಡ್ರಿ. ಮ್ಯಾಲಿಂದ ಒತ್ತಿದ್ರ ಗೆರಿ ಚಪ್ಪಟಿಯಾಗಿ ಹೊಳಪು ಕಲಿ ಬೀಳ್ತದ. ಹೊಲಿಯುವಾಗ ಎರಡು ಪದರ ಸರೀತಾವ, ಪಿನ್ ಒತ್ತೊತ್ತಾಗಿ ಚುಚ್ರಿ.