ಮನೆಯಲ್ಲಿ ಮೂರು ಭಾಷೆ, ಡೇ ಕೇರ್‌ನಲ್ಲಿ ಮಗಳು ಮಾತೇ ಆಡಲ್ಲ

ಅಮ್ಮತ್ತಿ ಅಮ್ಮ:
ನಾನು ಮಗಳ ಹತ್ತಿರ ಕೊಡವ ತಕ್ಕ್ ಮಾತಾಡುತ್ತೇನೆ. ಗಂಡ ಕಣ್ಣೂರಿನವರು, ಅವರದ್ದು ಮಲಯಾಳಂ. ನಾವಿಬ್ಬರೂ ಮಾತಾಡಿಕೊಳ್ಳುವುದು ಕನ್ನಡದಲ್ಲಿ. ಅವಳಿಗೆ ಎರಡೂವರೆ ವರ್ಷ, ಮನೆಯಲ್ಲಿ ಬಾಯಿ ಮುಚ್ಚಲ್ಲ, 'ವೆಳ್ಳಂ ಬೇಕು' (ವೆಳ್ಳಂ ಅಂದರೆ ಮಲಯಾಳಂನಲ್ಲಿ ನೀರು) ಅಂತ ಎಲ್ಲ ಕಲಸಿ ಹೇಳುತ್ತಾಳೆ. ಜೂನ್‌ನಿಂದ ವಿರಾಜಪೇಟೆಯ ಡೇ ಕೇರ್‌ಗೆ ಬಿಡುತ್ತಿದ್ದೇವೆ, ಅಲ್ಲಿ ತುಟಿ ಬಿಚ್ಚಲ್ಲವಂತೆ. ಮನೆಯಲ್ಲಿ ಕನ್ನಡ ಮಾತ್ರ ಆಡಿ, ಇಲ್ಲಾಂದ್ರೆ ಮಗು ಕನ್‌ಫ್ಯೂಸ್ ಆಗುತ್ತೆ ಅಂತ ಡೇ ಕೇರ್‌ನವರು ಅಂದರು. ಅತ್ತೆಗೆ ಕನ್ನಡ ಬರಲ್ಲ. ಅವರು ಮೊಮ್ಮಗಳ ಹತ್ತಿರ ಮಾತೇ ಆಡಬಾರದಾ?

ತೋಟದಮನೆ:
ಅವರು ಹೇಳಿದ್ದು ಸರಿ ಅನ್ಸುತ್ತೆ. ಮುಂದೆ ಶಾಲೆಯಲ್ಲಿ ಕನ್ನಡ ಬೇಕಲ್ಲ, ಈಗಲೇ ರೂಢಿಯಾಗಲಿ.

ಅಂಗನವಾಡಿ ಟೀಚರ್:
ಇಲ್ಲ ಅಣ್ಣ, ನಾನು ಒಪ್ಪಲ್ಲ. ನಾನಿರುವುದು ಸಿದ್ದಾಪುರದ ಕಡೆ. ಎರವ ಬುಡಕಟ್ಟಿನ ಮಕ್ಕಳು, ಅರೆಭಾಷೆಯವರು, ತಮಿಳಿನವರು, ಈಗ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು, ಎಲ್ಲರೂ ಬರುತ್ತಾರೆ. ಹೊಸ ಮಗು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಆದರೆ ಎಲ್ಲ ಕೇಳಿಸಿಕೊಳ್ಳುತ್ತಿರುತ್ತದೆ, ಹಾಡಿಗೆ ಕೈ ಆಡಿಸುತ್ತದೆ, ಬೇಕಾದ್ದಕ್ಕೆ ಬೆರಳು ತೋರಿಸುತ್ತದೆ, ಆಮೇಲೆ ಒಂದು ದಿನ ಯಾವುದೋ ಹಾಡಿನ ಸಾಲೇ ಬಾಯಿಗೆ ಬಂದುಬಿಡುತ್ತದೆ. 'ಹೇಳು, ಹೇಳು' ಅಂತ ಹಿಂದೆ ಬಿದ್ದರೆ ಇನ್ನೂ ಮುದುಡಿಕೊಳ್ಳುತ್ತದೆ. ಹಸಿವು, ನೀರು, ಉಚ್ಚೆ, ನೋವು, ಅಮ್ಮ ಆಮೇಲೆ ಬರುತ್ತಾಳೆ, ಇಷ್ಟನ್ನು ಅವರವರ ಭಾಷೆಯಲ್ಲಿ ಹೇಗೆ ಹೇಳುತ್ತಾರೆ ಅಂತ ತಾಯಂದಿರನ್ನು ಕೇಳಿ ಗೋಡೆಗೆ ಬರೆದು ಅಂಟಿಸಿದ್ದೇನೆ. ಅರ್ಧ ಅಳು ಅಲ್ಲೇ ನಿಲ್ಲುತ್ತದೆ. ನೀವೂ ಡೇ ಕೇರ್‌ಗೆ ಒಂದು ಚೀಟಿ ಕೊಡಿ ಅಕ್ಕ.

ಸ್ಪೀಚ್ ಥೆರಪಿಸ್ಟ್, ಮಡಿಕೇರಿ:
ಎರಡು ಮೂರು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಬರಲ್ಲ. ಕಲಸಿ ಮಾತಾಡುವುದೂ ಸಹಜ, ನಾವೂ ಅದನ್ನೇ ಮಾಡುತ್ತೇವೆ ಅಲ್ವಾ. ಪದ ಲೆಕ್ಕ ಹಾಕುವಾಗ ಎಲ್ಲ ಭಾಷೆಯದ್ದನ್ನೂ ಸೇರಿಸಿ. ಕನ್ನಡದ್ದು ಮಾತ್ರ ಹಿಡಿದರೆ ಇಂಥ ಮಕ್ಕಳು ಸುಮ್ನೆ ಹಿಂದೆ ಬಿದ್ದಂತೆ ಕಾಣುತ್ತಾರೆ. 2 ವರ್ಷಕ್ಕೆ ಸುಮಾರು 50 ಪದ ಇದೆಯಾ, ಎರಡು ಪದ ಜೋಡಿಸುತ್ತದಾ ಅಂತ ನಾವು ನೋಡುತ್ತೇವೆ. ನಿಮ್ಮ ಮಗಳು ಜೋಡಿಸುತ್ತಿದ್ದಾಳೆ. ಮನೆಯಲ್ಲೂ ಮಾತಿಲ್ಲ, ಹೆಸರು ಕರೆದರೆ ತಿರುಗಲ್ಲ, ಮೊದಲು ಆಡುತ್ತಿದ್ದ ಪದ ನಿಂತುಹೋಗಿದೆ ಅಂದರೆ ಕಾಯಬೇಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಅತ್ತೆ ಮಲಯಾಳಂನಲ್ಲೇ ಧಾರಾಳವಾಗಿ ಕಥೆ ಹೇಳಲಿ.

ಅಮ್ಮತ್ತಿ ಅಮ್ಮ:
ಥ್ಯಾಂಕ್ಸ್. ಚೀಟಿ ಬರೆಯುತ್ತಿದ್ದೇನೆ. ಉಚ್ಚೆಗೆ ಅವಳು ಹೇಳುವುದು ಅವಳೇ ಮಾಡಿಕೊಂಡ ಪದ, ನಮ್ಮ ಮೂರೂ ಭಾಷೆಯಲ್ಲಿ ಇಲ್ಲ. ಅದನ್ನೂ ಬರೆಯಲಾ?

ಅಂಗನವಾಡಿ ಟೀಚರ್:
ಅಯ್ಯೋ, ಅದನ್ನೇ ಮೊದಲು ಬರೆಯಿರಿ!